ಆನ್‌ರೋಡ್ ಬೆಲೆಯ ಒಳಗೆ ತೆರಿಗೆ ಎಷ್ಟು? ಕಾರು ಬುಕ್ ಮಾಡುವ ಮುಂಚೆ ಹೀಗೆ ಲೆಕ್ಕ ಹಾಕಿ

ಶೋರೂಮ್‌ಗೆ ಹೋದರೆ ಮೊದಲು ಕೈಗೆ ಬರುವುದು ಕೊಟೇಶನ್ ಹಾಳೆ. ನಮ್ಮಲ್ಲಿ ಬಹಳ ಜನ ಅದರ ಕೊನೆಯ ಸಾಲು, ಅಂದರೆ ಎಲ್ಲ ಸೇರಿದ ಆನ್‌ರೋಡ್ ಬೆಲೆ ನೋಡಿ, ಇಎಂಐ ಎಷ್ಟು ಎಂದು ಕೇಳಿ ಎದ್ದು ಬರುತ್ತಾರೆ. ಚೌಕಾಸಿ ಮಾಡುವ ಮುಂಚೆ ಮೇಲಿನ ಸಾಲುಗಳನ್ನೂ ಓದಬೇಕು. ಯಾವುದು ಕೇಂದ್ರದ ತೆರಿಗೆ, ಯಾವುದು ರಾಜ್ಯದ್ದು, ಯಾವುದು ಶೋರೂಮ್‌ನವರು ಸುಮ್ನೆ ಸೇರಿಸಿದ್ದು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಮೊದಲು ಜಿಎಸ್‌ಟಿ ನೋಡಿ

ಎಕ್ಸ್-ಶೋರೂಮ್ ಬೆಲೆಯಲ್ಲಿ, ಅಂದರೆ ರಸ್ತೆ ತೆರಿಗೆ, ವಿಮೆ ಸೇರುವ ಮುಂಚಿನ ಬೆಲೆಯಲ್ಲಿ, ಜಿಎಸ್‌ಟಿ ಸೇರಿಯೇ ಇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೆ 18%, ಉಳಿದವಕ್ಕೆ 40%, ಎಲೆಕ್ಟ್ರಿಕ್ ಕಾರಿಗೆ 5%. ಮೊದಲಿದ್ದ ಪರಿಹಾರ ಸೆಸ್ (ಜಿಎಸ್‌ಟಿ ಜೊತೆಗೆ ಬೀಳುತ್ತಿದ್ದ ಹೆಚ್ಚುವರಿ ತೆರಿಗೆ) ಈಗ ಕಾರುಗಳ ಮೇಲಿಲ್ಲ.

ಸಣ್ಣ ಕಾರು ಅಂದರೆ ನೋಡಲು ಸಣ್ಣದು ಅಂತ ಅಲ್ಲ. ಉದ್ದ 4 ಮೀಟರ್ ಮೀರಬಾರದು. ಜೊತೆಗೆ ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ದಾಟಬಾರದು. ಎರಡೂ ಷರತ್ತು ಒಟ್ಟಿಗೆ ಪೂರೈಸಬೇಕು. ಟಾಟಾ ನೆಕ್ಸಾನ್, ಮಾರುತಿ ಬ್ರೆಝಾ ಎರಡರ ಉದ್ದವೂ 3,995 ಮಿಲಿಮೀಟರ್. ಆ ಐದು ಮಿಲಿಮೀಟರ್ ಉಳಿಸಿದ್ದು ತೆರಿಗೆಗಾಗಿಯೇ. ಆದರೆ ನೆಕ್ಸಾನ್ ಪೆಟ್ರೋಲ್ ಎಂಜಿನ್ 1199 ಸಿಸಿ, ಬ್ರೆಝಾದ್ದು 1462 ಸಿಸಿ. ಹಾಗಾಗಿ ಮೊದಲನೆಯದಕ್ಕೆ 18%, ಎರಡನೆಯದಕ್ಕೆ 40%. ಬ್ರೋಷರ್‌ನಲ್ಲಿ ಸಿಸಿ ನೋಡಿಯೇ ಮುಂದಿನ ಮಾತು ಆಡಿ.

ಆಮೇಲೆ ರಸ್ತೆ ತೆರಿಗೆ

ಜೇಬಿಗೆ ನಿಜವಾಗಿ ಬಿಸಿ ಮುಟ್ಟುವುದು ಇಲ್ಲಿ. ಕರ್ನಾಟಕದಲ್ಲಿ ಖಾಸಗಿ ಕಾರಿಗೆ ಜೀವಿತಾವಧಿ ತೆರಿಗೆಯನ್ನು ಒಂದೇ ಸಲ ಕಟ್ಟಬೇಕು. ಪೆಟ್ರೋಲ್, ಡೀಸೆಲ್ ಕಾರುಗಳಿಗೆ 5 ಲಕ್ಷದವರೆಗೆ 13%, 10 ಲಕ್ಷದವರೆಗೆ 14%, 20 ಲಕ್ಷದವರೆಗೆ 17%, ಅದರ ಮೇಲೆ 18%. ಆ ತೆರಿಗೆಯ ಮೇಲೆ ಮತ್ತೆ 11% ಸೆಸ್. ಇದೆಲ್ಲ ಲೆಕ್ಕವಾಗುವುದು ಜಿಎಸ್‌ಟಿ ಸೇರಿದ ಬೆಲೆಯ ಮೇಲೆ. ಅಂದರೆ ತೆರಿಗೆಗೂ ತೆರಿಗೆ!

8 ಲಕ್ಷ ಎಕ್ಸ್-ಶೋರೂಮ್ ಬೆಲೆಯ ಸಣ್ಣ ಕಾರು ತೆಗೆದುಕೊಳ್ಳಿ. ಅದರೊಳಗೆ ಜಿಎಸ್‌ಟಿ ಸುಮಾರು 1,22,000 ರೂಪಾಯಿ. ರಸ್ತೆ ತೆರಿಗೆ 14% ಅಂದರೆ 1,12,000, ಸೆಸ್ 12,320, ಒಟ್ಟು 1,24,320. ಜಿಎಸ್‌ಟಿ ಇಳಿಯಿತು ಎಂದು ಖುಷಿಪಟ್ಟವರು ಗಮನಿಸಿ, ಇಲ್ಲಿ ರಾಜ್ಯದ ರಸ್ತೆ ತೆರಿಗೆಯೇ ಜಿಎಸ್‌ಟಿಗಿಂತ ಜಾಸ್ತಿ.

ಇನ್ನೊಂದು ಮುಖ್ಯ ಮಾತು. ಆದಾಯ ತೆರಿಗೆಯ ಹಾಗೆ ಮಿತಿ ದಾಟಿದ ಹಣಕ್ಕೆ ಮಾತ್ರ ಹೆಚ್ಚಿನ ದರ ಅಲ್ಲ, ಪೂರ್ತಿ ಬೆಲೆಗೆ ಹೊಸ ದರ. 9,99,000 ರೂಪಾಯಿಯ ಕಾರಿಗೆ ಸೆಸ್ ಸೇರಿ ಸುಮಾರು 1,55,000. 10,01,000 ರೂಪಾಯಿಯ ಕಾರಿಗೆ ಸುಮಾರು 1,89,000. ಬೆಲೆಯಲ್ಲಿ ಎರಡು ಸಾವಿರ ವ್ಯತ್ಯಾಸ, ತೆರಿಗೆಯಲ್ಲಿ ಮೂವತ್ತಮೂರು ಸಾವಿರಕ್ಕೂ ಜಾಸ್ತಿ. ಸನ್‌ರೂಫ್ ಇರುವ ವೇರಿಯಂಟ್ 10 ಲಕ್ಷ ದಾಟಿಸುತ್ತದೆ ಅಂದರೆ ಎರಡು ಸಲ ಯೋಚಿಸಬಹುದು, ಅಲ್ವಾ?

ತಮಿಳುನಾಡಿನ ಹೊಸೂರಿಗೆ ಹೋಗಿ ಕೊಂಡರೆ ಉಳಿಯುತ್ತದೆಯೇ ಎಂದು ಬೆಂಗಳೂರಿನವರು ಕೇಳುವುದುಂಟು. ಜಿಎಸ್‌ಟಿ ದೇಶಕ್ಕೆಲ್ಲ ಒಂದೇ. ರಸ್ತೆ ತೆರಿಗೆ ಕೊಂಡ ಊರಿನದಲ್ಲ, ನೋಂದಣಿ ಮಾಡಿಸುವ ರಾಜ್ಯದ್ದು. ಬೆಂಗಳೂರಿನ ವಿಳಾಸಕ್ಕೆ ನೋಂದಣಿ ಆದರೆ ಕರ್ನಾಟಕದ ದರವೇ.

ಉಳಿದ ಸಾಲುಗಳು

ಕಾರಿನ ಬೆಲೆ 10 ಲಕ್ಷ ಮೀರಿದರೆ ಡೀಲರ್ 1% ಟಿಸಿಎಸ್ (ಮಾರುವವರೇ ನಿಮ್ಮಿಂದ ಪಡೆದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಹಿಡಿಯುತ್ತಾರೆ. ಇದು ಹೋದ ಹಣವಲ್ಲ. ನಿಮ್ಮ ಪ್ಯಾನ್ ಮೇಲೆ ಜಮಾ ಆಗುತ್ತದೆ. ರಿಟರ್ನ್ ಸಲ್ಲಿಸುವಾಗ ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯಬಹುದು, ಇಲ್ಲವೇ ವಾಪಸ್ ಪಡೆಯಬಹುದು. ಪ್ಯಾನ್ ನಂಬರ್ ಸರಿಯಾಗಿ ಬರೆದಿದ್ದಾರಾ ನೋಡಿಕೊಳ್ಳಿ. ವಿಮೆಯ ಪ್ರೀಮಿಯಂ ಮೇಲೆ 18% ಜಿಎಸ್‌ಟಿ ಇದೆ. ‘ಹ್ಯಾಂಡ್ಲಿಂಗ್ ಚಾರ್ಜ್’ ಎಂಬ ಸಾಲು ಕಂಡರೆ ಅದು ತೆರಿಗೆಯೇ ಅಲ್ಲ. ತೆಗೆಯಿರಿ ಎಂದು ಧೈರ್ಯವಾಗಿ ಹೇಳಿ.

ಲೀಸ್‌ಗೆ ತೆಗೆದುಕೊಂಡರೆ

ಐಟಿ ಕಂಪನಿಗಳಲ್ಲಿ ಇದು ಮಾಮೂಲು. ಕಾರು ಲೀಸಿಂಗ್ ಕಂಪನಿಯ ಹೆಸರಿನಲ್ಲೇ ಇರುತ್ತದೆ. ಜಿಎಸ್‌ಟಿ ಪ್ರತಿ ತಿಂಗಳ ಬಾಡಿಗೆಯ ಮೇಲೆ ಬೀಳುತ್ತದೆ, ಅದೂ ಆ ಕಾರಿಗೆ ಎಷ್ಟು ದರವೋ ಅಷ್ಟೇ. ಬಾಡಿಗೆ 25,000 ರೂಪಾಯಿ ಎಂದುಕೊಳ್ಳಿ. ಸಣ್ಣ ಕಾರಾದರೆ ತೆರಿಗೆ ಸೇರಿ 29,500, ದೊಡ್ಡದಾದರೆ 35,000. ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು: ವಿಮೆ, ಸರ್ವಿಸ್ ಖರ್ಚು ಬಾಡಿಗೆಯೊಳಗೇ ಇದೆಯಾ, ಬೇರೆ ಬಿಲ್ ಆಗುತ್ತದಾ? ದೊಡ್ಡ ಕಾರಾಗಿದ್ದು ಎಲ್ಲ ಒಂದೇ ಬಿಲ್‌ನಲ್ಲಿ ಸೇರಿದ್ದರೆ 18% ಸಾಲುವ ಸರ್ವಿಸ್‌ಗೂ 40% ಕೊಟ್ಟಂತಾಗಬಹುದು. ಅವಧಿ ಮುಗಿದ ಮೇಲೆ ಕಾರು ನಿಮಗೇ ಬೇಕು ಅಂದರೆ ಉಳಿಕೆ ಬೆಲೆ ಕೊಡಬೇಕು. ಆಗಲೂ ಜಿಎಸ್‌ಟಿ ತಪ್ಪಿದ್ದಲ್ಲ. ಆ ಮೊತ್ತವನ್ನು ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ.

ಹಳೆ ಕಾರಾದರೆ

ಸ್ನೇಹಿತರಿಂದಲೋ ಪಕ್ಕದ ಮನೆಯವರಿಂದಲೋ ಕೊಂಡರೆ ಜಿಎಸ್‌ಟಿ ಇಲ್ಲ. ಜಿಎಸ್‌ಟಿ ನೋಂದಣಿ ಇರುವ ಡೀಲರ್ ಸಾಮಾನ್ಯವಾಗಿ ತನ್ನ ಲಾಭದ ಮೇಲೆ ಮಾತ್ರ 18% ಕಟ್ಟುತ್ತಾನೆ. 4 ಲಕ್ಷಕ್ಕೆ ಕೊಂಡು ನಾಲ್ಕೂವರೆಗೆ ಮಾರಿದರೆ ತೆರಿಗೆ 50,000ಕ್ಕೆ ಅಷ್ಟೇ, ಅಂದರೆ 9,000. ಪೂರ್ತಿ ಬೆಲೆಗೆ ಕೇಳಿದರೆ ಲೆಕ್ಕ ಕೇಳಿ. ಕರ್ನಾಟಕದಲ್ಲೇ ನೋಂದಣಿಯಾದ ಕಾರಿಗೆ ಮತ್ತೆ ಜೀವಿತಾವಧಿ ತೆರಿಗೆ ಬೇಕಿಲ್ಲ, ಆರ್‌ಸಿ ವರ್ಗಾವಣೆ ಶುಲ್ಕ ಸಾಕು. ದೆಹಲಿಯಿಂದ ಅಗ್ಗಕ್ಕೆ ತಂದ ಕಾರು ಇಲ್ಲೇ ಉಳಿಯುವುದಾದರೆ ಕಾರಿನ ವಯಸ್ಸು ನೋಡಿ ಇಲ್ಲಿಯೂ ತೆರಿಗೆ ಕಟ್ಟಬೇಕು. ಅಲ್ಲಿ ಕಟ್ಟಿದ್ದರಲ್ಲಿ ಉಳಿದ ಅವಧಿಯ ಪಾಲನ್ನು ಅಲ್ಲಿನ ಆರ್‌ಟಿಒಗೆ ಅರ್ಜಿ ಹಾಕಿಯೇ ವಾಪಸ್ ಪಡೆಯಬೇಕು. ಅಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೈಗೆ ಬಾರದೆ ಅಡ್ವಾನ್ಸ್‌ಗಿಂತ ಹೆಚ್ಚು ಹಣ ಕೊಡಬೇಡಿ.