ಸೆಲ್ ಇಳಿದರೂ ಬೆಳಕು ಇಳಿಯದ ಟಾರ್ಚ್

ರಾತ್ರಿ ಮೂರು ಫೇಸ್ ಕರೆಂಟ್ ಬಂದಾಗ ಪಂಪ್‌ಸೆಟ್ ಹಾಕಲು ಹೊಲಕ್ಕೆ ಹೋಗುವವರಿಗೆ ಬದುವಿನ ಮೇಲಿನ ಹಾವು ಕಾಣಲೇಬೇಕು. ಅಗ್ಗದ ಟಾರ್ಚ್‌ಗಳು ಮೊದಲು ಕಣ್ಣು ಕುಕ್ಕುತ್ತವೆ, ಆಮೇಲೆ ಮಂಕಾಗುತ್ತಾ ಹೋಗುತ್ತವೆ. ಎಷ್ಟೋ ಸಲ ಅವುಗಳಲ್ಲಿ ಡ್ರೈವರ್, ಅಂದರೆ ಎಲ್‌ಇಡಿಗೆ ಹೋಗುವ ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಭಾಗ, ಇರುವುದೇ ಇಲ್ಲ. ಅದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು.

ಮೊದಲು ಲೆಕ್ಕ ನೋಡೋಣ. 1 ವ್ಯಾಟ್‌ನ ಬಿಳಿ ಎಲ್‌ಇಡಿಗೆ 350 ಮಿಲಿ ಆಂಪಿಯರ್ ಕರೆಂಟ್ ಬೇಕು. ಆಗ ಅದರ ಮೇಲೆ ಸುಮಾರು 3.2 ವೋಲ್ಟ್ ಇರುತ್ತದೆ. ವೋಲ್ಟೇಜ್ ಸ್ವಲ್ಪ ಏರಿದರೂ ಕರೆಂಟ್ ಜಾಸ್ತಿಯೇ ಏರುತ್ತದೆ. 18650 ಎಂಬ ಅಳತೆಯ ಉರುಟು ಲಿಥಿಯಂ ಸೆಲ್ ತುಂಬಿದಾಗ 4.2 ವೋಲ್ಟ್, ಬಳಸುತ್ತಾ ಹೋದಂತೆ 3.6ಕ್ಕೆ, ಇನ್ನೂ ಕೆಳಕ್ಕೆ ಇಳಿಯುತ್ತದೆ. ನಡುವೆ ಸುಮ್ನೆ ಒಂದು 2.7 ಓಮ್ ರೆಸಿಸ್ಟರ್ ಹಾಕಿದರೆ ಏನಾಗುತ್ತದೆ? ತುಂಬಿದ ಸೆಲ್‌ನಲ್ಲಿ 370 ಮಿಲಿ ಆಂಪಿಯರ್ ಹರಿಯುತ್ತದೆ. ಸೆಲ್ 3.6 ವೋಲ್ಟ್‌ಗೆ ಬರುವಷ್ಟರಲ್ಲಿ ಅದು ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಮಂಕಾಗುವುದು ಇದರಿಂದಲೇ.

ಎರಡು ಟ್ರಾನ್ಸಿಸ್ಟರ್ ಹಾಕಿ ಕರೆಂಟ್ ಹಿಡಿದಿಡುವ ಹಳೆಯ ಸರ್ಕ್ಯೂಟ್ ಹಲವರಿಗೆ ಗೊತ್ತು. ಆದರೆ ಅದರಲ್ಲಿ ಕರೆಂಟ್ ಅಳೆಯುವ ಸೆನ್ಸ್ ರೆಸಿಸ್ಟರೇ 0.6 ವೋಲ್ಟ್ ತಿನ್ನುತ್ತದೆ. 3.2ಕ್ಕೆ 0.6 ಸೇರಿದರೆ 3.8 ಆಯಿತು. ಅಂದರೆ ಸೆಲ್‌ನಲ್ಲಿ ಇನ್ನೂ ಸಾಕಷ್ಟು ಚಾರ್ಜ್ ಇರುವಾಗಲೇ ಅದು ಕೈಬಿಡುತ್ತದೆ. ಹಾಗಾಗಿ ನನ್ನ ಆಯ್ಕೆ ಎಎಂಸಿ7135 ಎಂಬ ಮೂರು ಕಾಲಿನ ಚಿಪ್. ಕರೆಂಟನ್ನು 350 ಮಿಲಿ ಆಂಪಿಯರ್ ಆಸುಪಾಸಿನಲ್ಲಿ ಹಿಡಿದಿಡುತ್ತದೆ, ಅದಕ್ಕೆ ತಾನು ತಿನ್ನಲೇಬೇಕಾದದ್ದು ಬರೀ 0.12 ವೋಲ್ಟ್. ಸುರುಳಿ ಬೇಡ, ಬೇರೆ ಭಾಗವೂ ಬೇಡ. ಒಂಟಿ ಲಿಥಿಯಂ ಸೆಲ್‌ಗೆ ಇದಕ್ಕಿಂತ ಸರಳವಾದದ್ದು ನಾನು ಕಂಡಿಲ್ಲ.

ಸಾಮಾನು: ಅಲ್ಯೂಮಿನಿಯಂ ಸ್ಟಾರ್ ಬೋರ್ಡ್ ಮೇಲೆ ಕೂರಿಸಿದ 1 ವ್ಯಾಟ್ ಎಲ್‌ಇಡಿ, 18650 ಸೆಲ್ ಮತ್ತು ಹೋಲ್ಡರ್, ಎಎಂಸಿ7135, ಸ್ವಿಚ್, ಟಿಪಿ4056 ಚಾರ್ಜಿಂಗ್ ಮಾಡ್ಯೂಲ್. ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆ ಎಲ್ಲ ಸಿಗುತ್ತವೆ. ಮಾಡ್ಯೂಲ್ ಕೊಳ್ಳುವಾಗ ಅದರ ಮೇಲೆ ಬ್ಯಾಟರಿಯ ಪ್ಲಸ್, ಮೈನಸ್ ಅಲ್ಲದೆ ಔಟ್ ಪ್ಲಸ್, ಔಟ್ ಮೈನಸ್ ಕೂಡ ಇದೆಯಾ ನೋಡಿ. ಇದ್ದರೆ ಸೆಲ್ ರಕ್ಷಣೆಯ ಸರ್ಕ್ಯೂಟ್ ಒಳಗೇ ಇದೆ. ಇಲ್ಲದ್ದನ್ನು ತರಬೇಡಿ.

ಈಗ ಜೋಡಣೆ. ಹೋಲ್ಡರ್‌ನ ವೈರ್‌ಗಳನ್ನು ಮಾಡ್ಯೂಲ್‌ನ ಬ್ಯಾಟರಿ ಜಾಗಕ್ಕೆ ಬೆಸುಗೆ ಹಾಕಿ. ಸೆಲ್ ಮೈಗೆ ಮಾತ್ರ ಬೆಸುಗೆ ಹಾಕಲೇಬೇಡಿ, ಬಿಸಿಗೆ ಅದು ಕೆಡುತ್ತದೆ. ಔಟ್ ಪ್ಲಸ್‌ನಿಂದ ಸ್ವಿಚ್‌ಗೆ, ಅಲ್ಲಿಂದ ಎಲ್‌ಇಡಿಯ ಪ್ಲಸ್‌ಗೆ ವೈರ್ ಎಳೆಯಿರಿ. ಎಲ್‌ಇಡಿಯ ಆ ಪ್ಲಸ್‌ನಿಂದಲೇ ಇನ್ನೊಂದು ವೈರ್ ಚಿಪ್‌ನ ವಿಡಿಡಿ (ಚಿಪ್‌ಗೆ ವಿದ್ಯುತ್ ಕೊಡುವ) ಕಾಲಿಗೆ ಹೋಗಬೇಕು. ಎಲ್‌ಇಡಿಯ ಮೈನಸ್ ಚಿಪ್‌ನ ಔಟ್ ಕಾಲಿಗೆ. ಚಿಪ್‌ನ ನಡುವಿನ ಕಾಲು ಮಾಡ್ಯೂಲ್‌ನ ಔಟ್ ಮೈನಸ್‌ಗೆ.

ಬಿಸಿಯನ್ನು ಮರೆಯಬೇಡಿ. ಸೆಲ್ ತುಂಬಿದಾಗ ಚಿಪ್ ಮೇಲೆ 1 ವೋಲ್ಟ್ ಉಳಿಯುತ್ತದೆ, ಅಂದರೆ 0.35 ವ್ಯಾಟ್ ಬಿಸಿ. ಅದರ ಬೆನ್ನಿನ ಅಗಲ ಪಟ್ಟಿಯನ್ನು ಒಂದಿಷ್ಟು ತಾಮ್ರದ ಜಾಗಕ್ಕೆ ಬೆಸೆದರೆ ಸಾಕು. ಆ ಪಟ್ಟಿ ಒಳಗಿಂದ ಮೈನಸ್‌ಗೇ ಸೇರಿರುತ್ತದೆ, ಬೇರೆ ಯಾವುದಕ್ಕೂ ತಾಗಬಾರದು. ಎಲ್‌ಇಡಿ ಇದರ ಮೂರು ಪಟ್ಟು ವಿದ್ಯುತ್ ತಿನ್ನುತ್ತದೆ. ಅದರ ಸ್ಟಾರ್ ಬೋರ್ಡನ್ನು ಥರ್ಮಲ್ ಪೇಸ್ಟ್ ಹಚ್ಚಿ ಅಲ್ಯೂಮಿನಿಯಂ ತುಂಡಿಗೆ ಸ್ಕ್ರೂ ಮಾಡಿ.

ಟಿಪಿ4056 ಮಾಡ್ಯೂಲ್‌ಗಳಲ್ಲಿ ಸಾಮಾನ್ಯವಾಗಿ 1.2 ಕಿಲೋ ಓಮ್ ರೆಸಿಸ್ಟರ್ ಇರುತ್ತದೆ, ಅದು 1 ಆಂಪಿಯರ್‌ನಲ್ಲಿ ಚಾರ್ಜ್ ಮಾಡುತ್ತದೆ. ಸೆಲ್ 1000 ಮಿಲಿ ಆಂಪಿಯರ್ ಅವರ್‌ಗಿಂತ ಚಿಕ್ಕದಾದರೆ 2.4 ಕಿಲೋ ಓಮ್ ಹಾಕಿ, ಅರ್ಧ ಆಂಪಿಯರ್‌ಗೆ ಇಳಿಯುತ್ತದೆ. ಚಾರ್ಜ್ ಮಾಡುವಾಗ ಟಾರ್ಚ್ ಉರಿಸಬೇಡಿ. ಕರೆಂಟ್ ಇಳಿದದ್ದನ್ನು ನೋಡಿಯೇ ಚಾರ್ಜರ್ ನಿಲ್ಲುವುದು, ಎಲ್‌ಇಡಿ ಎಳೆಯುತ್ತಿದ್ದರೆ ಅದಕ್ಕೆ ಸೆಲ್ ತುಂಬಿದ್ದೇ ತಿಳಿಯುವುದಿಲ್ಲ.

ಹಳೆಯ ಸೀಸದ ಬ್ಯಾಟರಿ ಟಾರ್ಚ್‌ನ ಬಾಡಿ ಬಳಸುವಿರಾ? ಒಳ್ಳೆಯದು, ಆದರೆ ಒಳಗಿನ ಚಾರ್ಜರ್ ಬೋರ್ಡ್ ಕಿತ್ತು ಬಿಸಾಕಿ. ಹಲವು ಟಾರ್ಚ್‌ಗಳಲ್ಲಿ 230 ವೋಲ್ಟ್ ಒಂದು ಕೆಪಾಸಿಟರ್ ದಾಟಿ ನೇರ ಒಳಗೆ ಬರುತ್ತದೆ, ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಪ್ಲಗ್ ಹಾಕಿದಾಗ ಒಳಗಿನ ಲೋಹ ಮುಟ್ಟಿದರೆ ಜೀವಕ್ಕೇ ಅಪಾಯ.

ಪರೀಕ್ಷೆಗೆ ಮಲ್ಟಿಮೀಟರನ್ನು 10 ಆಂಪಿಯರ್‌ಗೆ ಇಟ್ಟು ಎಲ್‌ಇಡಿಯ ಸಾಲಿನಲ್ಲಿ ಸೇರಿಸಿ. ಸೆಲ್ 4.2 ವೋಲ್ಟ್ ಇರುವಾಗಲೂ 3.7 ಇರುವಾಗಲೂ 340ರಿಂದ 380 ಮಿಲಿ ಆಂಪಿಯರ್ ನಡುವೆಯೇ ತೋರಿಸಬೇಕು. ಕಡಿಮೆ ಬಂದರೆ ಮೊದಲು ವೈರ್, ಸ್ವಿಚ್, ಹೋಲ್ಡರ್‌ನ ಸ್ಪ್ರಿಂಗ್ ನೋಡಿ. ತೆಳ್ಳಗಿನ ವೈರ್‌ನಲ್ಲೇ ಬೇಕಾದ ವೋಲ್ಟೇಜ್ ಕಳೆದುಹೋಗಿರುತ್ತದೆ. 2000 ಮಿಲಿ ಆಂಪಿಯರ್ ಅವರ್ ಸೆಲ್ ಹೀಗೆ ಸುಮಾರು ಐದು ಗಂಟೆ ಬರುತ್ತದೆ. ಕೊನೆಗೆ ಸೆಲ್ 3.3 ವೋಲ್ಟ್ ಹತ್ತಿರ ಬಂದಾಗ ಬೆಳಕು ಮೆಲ್ಲಗೆ ಇಳಿಯತೊಡಗುತ್ತದೆ. ಚಾರ್ಜ್‌ಗೆ ಹಾಕಬೇಕು ಅನ್ನುವುದಕ್ಕೆ ಅದೇ ಗುರುತು.

ಇನ್ನೊಂದು ಚಿಕ್ಕ ಸ್ವಿಚ್ ಇದ್ದರೆ ಎಲ್‌ಇಡಿಯ ಮೈನಸ್ಸನ್ನು ಚಿಪ್ ಬದಲು 100 ಓಮ್ ರೆಸಿಸ್ಟರ್ ಮೂಲಕ ಔಟ್ ಮೈನಸ್‌ಗೆ ಕಳಿಸಬಹುದು. ಹತ್ತು ಮಿಲಿ ಆಂಪಿಯರ್ ಆಸುಪಾಸು ಹರಿಯುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಮನೆಗಳಲ್ಲಿ ರಾತ್ರಿಯಿಡೀ ಮೂಲೆಯಲ್ಲಿ ಉರಿಯಲು ಆ ಬೆಳಕು ಸಾಕು.