ಜೂಜಿನ ಚಟ ಬಿಡಬೇಕೆ? ಮೊದಲು ದುಡ್ಡಿನ ದಾರಿ ಮುಚ್ಚಿ

‘ಇದೊಂದೇ ಸಲ. ಹೋದದ್ದು ವಾಪಸ್ ಬಂದರೆ ಸಾಕು, ಆಮೇಲೆ ಮುಟ್ಟೋದಿಲ್ಲ.’

ಜೂಜಿಗೆ ಸಿಕ್ಕಿಕೊಂಡವರು ಈ ಮಾತು ಹೇಳುವಾಗ ಅದನ್ನು ಪೂರ್ತಿ ನಂಬಿರುತ್ತಾರೆ. ಅದಕ್ಕೇ ಆಣೆ ಹಾಕಿಸಿದರೂ, ಬೈದರೂ, ಕಣ್ಣೀರಿಟ್ಟರೂ ಹೆಚ್ಚು ದಿನ ನಡೆಯುವುದಿಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ಕೈಪಿಡಿಯಲ್ಲಿ ಜೂಜಿನ ಕಾಯಿಲೆಯನ್ನು ಮದ್ಯ ಮತ್ತು ಮಾದಕ ವಸ್ತುಗಳ ಚಟದ ಸಾಲಿಗೇ ಸೇರಿಸಿತು. ಜಗತ್ತಿನ ವಯಸ್ಕರಲ್ಲಿ ಶೇ 1.2ರಷ್ಟು ಜನರಿಗೆ ಈ ಕಾಯಿಲೆ ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕಾಯಿಲೆ ಅಂದ ಮೇಲೆ ಅದಕ್ಕೆ ಚಿಕಿತ್ಸೆಯೂ ಇದೆ. ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ನೋಡೋಣ.

ಎರಡು ಪ್ರಶ್ನೆ ಕೇಳಿಕೊಳ್ಳಿ

ಹೋಗ್ತಾ ಹೋಗ್ತಾ ಜಾಸ್ತಿ ದುಡ್ಡು ಕಟ್ಟಬೇಕು ಅನ್ನಿಸಿದೆಯಾ? ಎಷ್ಟು ಆಡಿದ್ದೀರಿ ಅನ್ನುವುದರ ಬಗ್ಗೆ ನಿಮಗೆ ಬೇಕಾದವರ ಹತ್ತಿರ ಸುಳ್ಳು ಹೇಳಿದ್ದೀರಾ? ತಜ್ಞರು ಮೊದಲ ತಪಾಸಣೆಗೆ ಬಳಸುವ ಪ್ರಶ್ನೆಗಳಿವು. ಒಂದಕ್ಕೆ ‘ಹೌದು’ ಅಂದರೂ ಯಾರ ಹತ್ತಿರವಾದರೂ ಮಾತಾಡುವ ಹೊತ್ತು ಬಂದಿದೆ ಅಂತಲೇ ತಿಳಿಯಿರಿ. ಸಾಲ ಎಷ್ಟಾಗಿದೆ ಅನ್ನುವುದು ಆಮೇಲಿನ ಮಾತು. ದುಡ್ಡಿರುವವರ ಚಟ ಸಾಲವಿಲ್ಲದೆಯೂ ಬೆಳೆಯುತ್ತದೆ.

ಇನ್ನೊಂದು ವಿಷಯವನ್ನು ಬಹಳ ಮನೆಗಳಲ್ಲಿ ಯಾರೂ ಗಮನಿಸುವುದಿಲ್ಲ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಾಮಿಪೆಕ್ಸೋಲ್‌ನಂಥ ಕೆಲವು ಔಷಧಗಳಿಂದಲೂ ಜೂಜಿನ ಹಂಬಲ ಹುಟ್ಟಬಹುದು. ಎಂದೂ ಆಡದಿದ್ದವರು ಇದ್ದಕ್ಕಿದ್ದಂತೆ ಆಡತೊಡಗಿದರೆ ವೈದ್ಯರಿಗೆ ತಿಳಿಸಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಕೈಗೂ ದುಡ್ಡಿಗೂ ನಡುವೆ ಗೋಡೆ ಕಟ್ಟಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಮನಸ್ಸು ಗಟ್ಟಿಯಾಗುವವರೆಗೆ ಕಾಯಬೇಡಿ. ಮನಸ್ಸು ಸಡಿಲವಾದ ರಾತ್ರಿಯಲ್ಲೂ ದುಡ್ಡು ಕೈಗೆ ಸಿಗದ ಹಾಗೆ ಇವತ್ತೇ ಮಾಡಿ.

ಸಂಬಳ ಬರುವ ಖಾತೆಯನ್ನು ಕೆಲವು ಕಾಲ ನಂಬಿಕಸ್ತರೊಬ್ಬರು ನೋಡಿಕೊಳ್ಳಲಿ. ದಿನದ ಖರ್ಚಿಗೆ ಬೇಕಾದಷ್ಟೇ ನಿಮ್ಮ ಕೈಯಲ್ಲಿರಲಿ. ಕ್ರೆಡಿಟ್ ಕಾರ್ಡ್ ರದ್ದು ಮಾಡಿ, ಸಾಲದ ಆ್ಯಪ್‌ಗಳನ್ನು ತೆಗೆದುಹಾಕಿ. ಜೂಜಿಗೆ ಹೋಗುವ ಹಣವನ್ನು ತಡೆಯುವ ಸೌಲಭ್ಯ ಕೆಲವು ಬ್ಯಾಂಕುಗಳಲ್ಲಿದೆ, ನಿಮ್ಮ ಬ್ಯಾಂಕಿನಲ್ಲಿ ವಿಚಾರಿಸಿ. ಬೆಟ್ಟಿಂಗ್ ತಾಣಗಳು ತೆರೆಯದಂತೆ ಮಾಡುವ ತಂತ್ರಾಂಶವನ್ನು ಫೋನಿಗೂ ಕಂಪ್ಯೂಟರಿಗೂ ಹಾಕಿಸಿ. ಅದರ ಪಾಸ್‌ವರ್ಡ್ ನಿಮ್ಮ ಹತ್ತಿರ ಇರುವುದು ಬೇಡ.

‘ನನ್ನನ್ನು ಒಳಗೆ ಬಿಡಬೇಡಿ’ ಎಂದು ನೀವೇ ಹೆಸರು ಕೊಟ್ಟು ನೋಂದಾಯಿಸಿಕೊಳ್ಳುವ ವ್ಯವಸ್ಥೆಯೂ ಕೆಲವು ದೇಶಗಳಲ್ಲಿದೆ. ಬ್ರಿಟನ್ನಿನಲ್ಲಿ ಗ್ಯಾಮ್‌ಸ್ಟಾಪ್, ಸ್ವೀಡನ್ನಿನಲ್ಲಿ ಸ್ಪೆಲ್‌ಪೌಸ್, ಆಸ್ಟ್ರೇಲಿಯಾದಲ್ಲಿ ಬೆಟ್‌ಸ್ಟಾಪ್. ಒಮ್ಮೆ ಹೆಸರು ಕೊಟ್ಟರೆ ಆ ದೇಶದ ಪರವಾನಗಿ ಇರುವ ಎಲ್ಲ ಆನ್‌ಲೈನ್ ತಾಣಗಳೂ ಮುಚ್ಚುತ್ತವೆ. ಪರವಾನಗಿ ಇಲ್ಲದ ತಾಣಗಳು ಮಾತ್ರ ತೆರೆದೇ ಇರುತ್ತವೆ. ಹಾಗಾಗಿ ತಂತ್ರಾಂಶ, ಬ್ಯಾಂಕ್, ನೋಂದಣಿ ಮೂರೂ ಒಟ್ಟಿಗೆ ಇರಲಿ.

ಇದೇ ಗೋಡೆಯನ್ನು ಸರ್ಕಾರ ಎಲ್ಲರಿಗೂ ಸೇರಿಸಿ ಕಟ್ಟಿದರೆ ಅದೇ ಸಾರ್ವಜನಿಕ ಆರೋಗ್ಯದ ಹಾದಿ. ನಾರ್ವೆ 2007ರಲ್ಲಿ ದುಡ್ಡು ಹಾಕಿ ಆಡುವ ಸ್ಲಾಟ್ ಯಂತ್ರಗಳನ್ನು ತೆಗೆಸಿಹಾಕಿತು. ಸಹಾಯವಾಣಿಗೆ ಬರುವ ಕರೆಗಳೂ ಇಳಿದವು. ಬ್ರಿಟನ್ 2019ರಲ್ಲಿ ಬಾಜಿ ಅಂಗಡಿಗಳ ಒಂದು ಬಗೆಯ ಯಂತ್ರದಲ್ಲಿ ಒಂದು ಸಲಕ್ಕೆ ಕಟ್ಟಬಹುದಾದ ಹಣವನ್ನು 100 ಪೌಂಡ್‌ನಿಂದ 2 ಪೌಂಡ್‌ಗೆ ಇಳಿಸಿತು. ಮರುವರ್ಷ ಕ್ರೆಡಿಟ್ ಕಾರ್ಡಿನಲ್ಲಿ ಜೂಜಾಡುವುದನ್ನೇ ನಿಷೇಧಿಸಿತು. ‘ಜವಾಬ್ದಾರಿಯಿಂದ ಆಡಿ’ ಎಂದು ಜಾಹೀರಾತಿನ ಕೊನೆಯಲ್ಲಿ ಒಂದು ಸಾಲು ಹಾಕುವುದಕ್ಕಿಂತ ಇಂಥ ಕ್ರಮಗಳ ಮೇಲೆ ನನಗೆ ಜಾಸ್ತಿ ನಂಬಿಕೆ. ಬಿಡದೆ ಆಡಲಿ ಅಂತಲೇ ಆಟವನ್ನು ಕಟ್ಟಿರುವಾಗ, ತಪ್ಪನ್ನೆಲ್ಲ ಆಡುವವರ ತಲೆಗೆ ಕಟ್ಟುವುದು ನ್ಯಾಯವಲ್ಲ, ಅಲ್ವಾ?

ಸಾಲ ತೀರಿಸುವ ಮುಂಚೆ ನಿಲ್ಲಿ

ಇದು ಮನೆಯವರಿಗೆ. ಸಾಲಗಾರರು ಬಾಗಿಲಿಗೆ ಬಂದಾಗ ಒಡವೆ ಅಡವಿಟ್ಟು ಒಂದೇ ಸಲ ಎಲ್ಲ ತೀರಿಸಿಬಿಡೋಣ ಅನ್ನಿಸುತ್ತದೆ. ಪ್ರೀತಿಯಿಂದಲೇ ಹಾಗನ್ನಿಸುವುದು. ಆದರೆ ಚಟಕ್ಕೆ ಚಿಕಿತ್ಸೆ ಶುರುವಾಗದೆ ಸಾಲ ಮಾತ್ರ ತೀರಿದರೆ ಮತ್ತೆ ಸಾಲ ಮಾಡಲು ಜಾಗವಾಯಿತು, ಅಷ್ಟೇ. ಮೊದಲು ಎಲ್ಲ ಸಾಲವನ್ನೂ ಒಂದೇ ಹಾಳೆಯಲ್ಲಿ ಬರೆಸಿ. ಎರಡನೇ ದಿನ, ಮೂರನೇ ದಿನ ಇನ್ನೊಂದೆರಡು ಸಾಲದ ಹೆಸರು ಹೊರಬರಬಹುದು, ಸಿಟ್ಟು ಮಾಡಿಕೊಳ್ಳಬೇಡಿ. ಆಮೇಲೆ ಕಂತಿನ ಲೆಕ್ಕ ಹಾಕಿ. ದುಡ್ಡನ್ನು ಸಾಲ ಕೊಟ್ಟವರಿಗೇ ನೇರವಾಗಿ ಕಟ್ಟಿ.

ಚಿಕಿತ್ಸೆಯಲ್ಲಿ ಏನಾಗುತ್ತದೆ?

ಸಹಾಯವಾಣಿ ಅಥವಾ ಮನೋವೈದ್ಯರಿಂದ ಶುರು ಮಾಡಿ. ಹೆಚ್ಚಾಗಿ ಕೊಡುವುದು ಮಾತಿನ ಚಿಕಿತ್ಸೆ. ನಾಣ್ಯ ಐದು ಸಲ ರಾಜ ಬಿದ್ದರೆ ಆರನೇ ಸಲ ರಾಣಿ ಬೀಳಲೇಬೇಕು ಅನ್ನಿಸುತ್ತದಲ್ಲ, ಆ ಯೋಚನೆಯನ್ನು ಅಲ್ಲಿ ಬಿಡಿಸಿ ನೋಡುತ್ತಾರೆ. ನಾಣ್ಯಕ್ಕೆ ನೆನಪಿಲ್ಲ. ಆರನೇ ಸಲವೂ ಅರ್ಧಕ್ಕರ್ಧವೇ. ಕೂದಲೆಳೆಯಲ್ಲಿ ತಪ್ಪಿದ ಗೆಲುವು ‘ಇನ್ನೇನು ಬಂದೇಬಿಟ್ಟಿತ್ತು’ ಅಂತ ಮತ್ತೆ ಕೂರಿಸುವುದು ಹೇಗೆ, ಯಾವ ಹೊತ್ತಿನಲ್ಲಿ ಕೈ ಫೋನಿಗೆ ಹೋಗುತ್ತದೆ ಎಂಬುದೆಲ್ಲ ಬರೆದು ನೋಡಿದಾಗ ಗೊತ್ತಾಗುತ್ತದೆ. ಹಂಬಲ ಅಲೆಯ ಹಾಗೆ ಏರಿ ಇಳಿಯುತ್ತದೆ. ಅದು ಇಳಿಯುವವರೆಗೆ ಹೊತ್ತು ದೂಡುವುದನ್ನೂ ಕಲಿಸುತ್ತಾರೆ. ಕೆಲವರಿಗೆ ವೈದ್ಯರು ಹಂಬಲ ತಗ್ಗಿಸಲು ನಾಲ್ಟ್ರೆಕ್ಸೋನ್ ಮಾತ್ರೆ ಕೊಡುವುದುಂಟು.

ಜೊತೆಗೆ ಗುಂಪುಗಳಿವೆ. 1957ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ಗ್ಯಾಂಬ್ಲರ್ಸ್ ಅನಾನಿಮಸ್ ಈಗ ಹಲವು ದೇಶಗಳಲ್ಲಿ ಸಭೆ ನಡೆಸುತ್ತದೆ. ಶುಲ್ಕವಿಲ್ಲ. ಅದರಂತೆಯೇ ಮನೆಯವರಿಗೆಂದು ಗ್ಯಾಮ್-ಅನಾನ್ ಇದೆ. ಆಡುವವರು ಒಪ್ಪದಿದ್ದರೂ ಮನೆಯವರು ಒಬ್ಬರೇ ಹೋಗಬಹುದು.

ಸಾವಿನ ಮಾತು ಬಂದರೆ

ದೊಡ್ಡ ಸೋಲಾದ ದಿನ, ಸಾಲ ಬಯಲಾದ ದಿನ ಅಪಾಯ ಹೆಚ್ಚು. ‘ಸಾಯಬೇಕು ಅನ್ನಿಸ್ತಾ ಇದೆಯಾ?’ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಬರುತ್ತದೆ ಅನ್ನುವ ಭಯ ಬೇಡ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ತುರ್ತು ಸಹಾಯಕ್ಕೆ ಕರೆ ಮಾಡಿ. ದುಡ್ಡಿನ ವಿಚಾರ ಅವತ್ತು ಎತ್ತಲೇಬೇಡಿ.

ಮತ್ತೆ ಆಡಿದರೆ

ಬಹಳ ಜನ ಒಮ್ಮೆಯಾದರೂ ಮತ್ತೆ ಜಾರುತ್ತಾರೆ. ಅಲ್ಲಿಯವರೆಗೆ ಕಲಿತದ್ದು ಅದರಿಂದ ನೀರುಪಾಲಾಗುವುದಿಲ್ಲ. ಮುಚ್ಚಿಡದೆ ಅದೇ ದಿನ ಆಪ್ತ ಸಮಾಲೋಚಕರಿಗೆ ಹೇಳಿ. ದುಡ್ಡು ಯಾವ ದಾರಿಯಿಂದ ಬಂತು ಅಂತ ಇಬ್ಬರೂ ಕೂತು ಹುಡುಕಿ. ಹಳೆಯ ಕಾರ್ಡೋ, ಸ್ನೇಹಿತರ ಕೈಸಾಲವೋ, ಮರೆತುಹೋದ ಖಾತೆಯೋ ಸಿಗುತ್ತದೆ. ಮಲಗುವ ಮುಂಚೆ ಅದನ್ನೂ ಮುಚ್ಚಿ.