ಹವಳದ ಬೆನ್ನೇರಿ ಬಂದ ಜೀವಿಗಳನ್ನು ಜಾಡಿಯಲ್ಲಿಟ್ಟು ಗುರುತಿಸಿದ ನನ್ನ ಅನುಭವ

ಹೊಸ ಹವಳದ ತುಂಡಿನಲ್ಲಿ ಅಡಗಿ ಮನೆಯ ಉಪ್ಪುನೀರಿನ ಟ್ಯಾಂಕಿಗೆ ಬರುವ ಜೀವಿ ಯಾವುದೆಂದು ಫೋಟೋ ನೋಡಿ ಊಹಿಸುವ ಬದಲು, ಅದನ್ನು ಹಿಡಿದು ಕೆಲವು ರಾತ್ರಿ ಬೇರೆಯಾಗಿಟ್ಟು ಏನನ್ನು ತಿನ್ನುತ್ತದೆಂದು ನೋಡಬೇಕು ಎಂದು ನಾನು ಹೇಳಿದಾಗ, ಜೊತೆಯ ಹವ್ಯಾಸಿಗಳಲ್ಲಿ ಯಾರೂ ಒಪ್ಪಲಿಲ್ಲ. ಡಿಪ್ ಮಾಡಿದರೆ, ಅಂದರೆ ಹವಳವನ್ನು ಕೀಟ ಉದುರಿಸುವ ದ್ರಾವಣದಲ್ಲಿ ಅದ್ದಿ ತೆಗೆದರೆ ಸಾಕು, ಉಳಿದದ್ದು ವ್ಯರ್ಥ ಶ್ರಮ ಎಂಬುದು ಅವರ ವಾದವಾಗಿತ್ತು. ಎರಡು ವರ್ಷಗಳಲ್ಲಿ ಸುಮಾರು ಮೂವತ್ತು ಜೀವಿಗಳನ್ನು ಹೀಗೆ ಪರೀಕ್ಷಿಸಿದ್ದೇನೆ. ತಪ್ಪಿದ್ದು ಎರಡೋ ಮೂರೋ ಇರಬಹುದು.

ಡಿಪ್ ಒಂದನ್ನೇ ನಂಬಿ ನಾನು ಸಾಕಷ್ಟು ಕಳೆದುಕೊಂಡಿದ್ದೇನೆ. ಮಾಂಟಿಪೊರಾ ಎಂಬ ಹವಳ ಅಂಚಿನಿಂದ ಬಿಳುಚುತ್ತ ಬಂದಾಗ ನೀರಿನ ಆಲ್ಕಲಿನಿಟಿ (ಕ್ಷಾರಗುಣ) ಏರುಪೇರಾಗಿದೆ ಎಂದು ಭಾವಿಸಿ ಟೆಸ್ಟ್ ಕಿಟ್‌ಗಳಿಗೂ ಅದನ್ನು ಸರಿಪಡಿಸುವ ಬಫರ್‌ಗೂ ಹಣ ಸುರಿದೆ. ಮೂರನೆಯ ವಾರ ಹವಳವನ್ನು ಮಗುಚಿ ನೋಡಿದರೆ, ಬೆನ್ನ ತುಂಬ ಬಿಳಿ ಕುಚ್ಚುಗಳಿದ್ದ ಎರಡು ಮೂರು ಮಿಲಿಮೀಟರಿನ, ಚಿಪ್ಪಿಲ್ಲದ ಕಡಲ ಬಸವನಹುಳುಗಳಾದ ನ್ಯೂಡಿಬ್ರಾಂಕ್‌ಗಳು, ಪಕ್ಕದಲ್ಲೇ ಅವುಗಳ ಮೊಟ್ಟೆಗಳು. ಡಿಪ್ ದೊಡ್ಡವನ್ನು ಉದುರಿಸಿತ್ತು, ಮೊಟ್ಟೆಗಳನ್ನು ಮುಟ್ಟಿರಲಿಲ್ಲ. ಆಗ ಹೋದ ಮೂರು ಹವಳಗಳ ಬೆಲೆ ನನ್ನ ಟ್ಯಾಂಕಿನ ದೀಪದ ಬೆಲೆಗೆ ಹತ್ತಿರವಿತ್ತು. ಈಗ ಬಳಸುವ ಜಾಡಿಗಳು, ಮ್ಯಾಕ್ರೋ ಲೆನ್ಸ್, ಕೆಂಪು ಟಾರ್ಚ್ ಎಲ್ಲ ಸೇರಿದರೂ ಒಂದು ಒಳ್ಳೆಯ ಹವಳದ ತುಂಡಿನ ಬೆಲೆಯಷ್ಟಾಗುವುದಿಲ್ಲ.

ಅದಾದ ಮೇಲೆ ಇದಕ್ಕೆ ವಿರುದ್ಧವಾದ ತಪ್ಪನ್ನೂ ಮಾಡಿದೆ. ಪೊಸಿಲೊಪೊರಾ ಹವಳದ ಕವಲುಗಳ ನಡುವೆ ಕುಳಿತಿದ್ದ ಪುಟ್ಟ ಏಡಿಯನ್ನು ಶತ್ರುವೆಂದು ತಿಳಿದು ಕಿತ್ತು ತೆಗೆದೆ. ಅದು ಟ್ರಪೀಜಿಯಾ ಏಡಿ: ಹವಳದ ಲೋಳೆ ತಿಂದುಕೊಂಡು, ಮೇಲೆ ಬಿದ್ದ ಕೆಸರನ್ನು ತೆಗೆದುಹಾಕಿ, ಕಡಲಿನಲ್ಲಿ ಮುಳ್ಳುಕಿರೀಟ ನಕ್ಷತ್ರಮೀನನ್ನೂ ಹಿಮ್ಮೆಟ್ಟಿಸುವ ಕಾವಲುಗಾರ. ಅದರ ಬೆನ್ನಚಿಪ್ಪು ನುಣುಪಾಗಿ ಹೊಳೆಯುತ್ತದೆ. ಮೈತುಂಬ ಕೂದಲಿದ್ದು ಕೊಂಡಿಯ ತುದಿ ಕಪ್ಪಾಗಿದ್ದರೆ ಅನುಮಾನಿಸಬೇಕು.

ನನ್ನ ಕ್ರಮ ಹೀಗಿದೆ. ದೀಪ ಆರಿದ ಎರಡು ಗಂಟೆಯ ನಂತರ ಕೆಂಪು ಬೆಳಕಿನಲ್ಲಿ ನೋಡಿ, ಹಿಂಡುವ ಪಿಚಕಾರಿಯಾದ ಬಾಸ್ಟರ್‌ನಿಂದ ಹವಳದ ಬುಡಕ್ಕೆ ಜೋರಾಗಿ ನೀರು ಹಾಯಿಸಿ, ಉದುರಿದ್ದನ್ನು ಸಣ್ಣ ಕಣ್ಣಿನ ಬಲೆಯಲ್ಲಿ ಹಿಡಿದು ಬಿಳಿ ಬಟ್ಟಲಿಗೆ ಹಾಕುತ್ತೇನೆ. ಚುಚ್ಚುವ ರೋಮಗಳಿರುವ ಹುಳುವಾದ ಬ್ರಿಸಲ್ ವರ್ಮ್ ಇದ್ದರೆ ಬರಿಗೈ ತಾಗಿಸುವುದಿಲ್ಲ. ಆಮೇಲೆ ಒಂದು ಲೀಟರಿನ ಜಾಡಿಯನ್ನು ಟ್ಯಾಂಕಿನಲ್ಲೇ ತೇಲಿಬಿಟ್ಟು, ಒಂದು ಬದಿಗೆ ಅನುಮಾನವಿರುವ ಹವಳದ ಚೂರು, ಇನ್ನೊಂದು ಬದಿಗೆ ಪಾಚಿ ಹಿಡಿದ ಕಲ್ಲು ಇಟ್ಟು, ಹಿಡಿದ ಜೀವಿಯನ್ನು ಅದರೊಳಗೆ ಬಿಡುತ್ತೇನೆ. ಅದೇ ಹವಳದ ಇನ್ನೊಂದು ಚೂರನ್ನು ಜೀವಿಯಿಲ್ಲದ ಎರಡನೆಯ ಜಾಡಿಯಲ್ಲಿಡುವುದನ್ನು ಮೊದಮೊದಲು ಬಿಟ್ಟಿದ್ದರಿಂದಲೇ, ನೀರು ಕೆಟ್ಟು ಸತ್ತ ಚೂರಿಗೆ ನಿರಪರಾಧಿ ಹುಳುವನ್ನು ದೂಷಿಸಿದ್ದೆ. ಈಗ ದಿನವೂ ಅರ್ಧ ನೀರು ಬದಲಿಸುತ್ತೇನೆ.

ಈ ಕ್ರಮದ ಬೆಲೆ ತಿಳಿದದ್ದು ಅಕ್ರೊಪೊರಾ ಹವಳವನ್ನು ತಿನ್ನುವ ಚಪ್ಪಟೆಹುಳುವಿನಿಂದ. ಹವಳದ ಬಣ್ಣವೇ ಅದರ ಮೈಯಲ್ಲಿ ಕಾಣುವುದರಿಂದ ಕಣ್ಣೆದುರಿದ್ದರೂ ಗೊತ್ತಾಗುವುದಿಲ್ಲ. ಜಾಡಿಯಲ್ಲಿ ಮೂರನೆಯ ಬೆಳಿಗ್ಗೆ ಚೂರಿನ ಮೇಲೆ ದುಂಡನೆಯ ಮಾಸಲು ಗುರುತುಗಳು ಕಂಡವು, ಪಕ್ಕದ ಜಾಡಿಯ ಚೂರಿನಲ್ಲಿ ಒಂದೂ ಇರಲಿಲ್ಲ. ಕೂಡಲೇ ಟ್ಯಾಂಕಿನ ಹವಳದ ಬುಡ ನೋಡಿದೆ. ಬರಿದಾದ ಅಸ್ಥಿಪಂಜರದ ಮೇಲೆ ಕಂದು ಮೊಟ್ಟೆಗಳ ಗುಂಪು ಇತ್ತು. ಮೊಟ್ಟೆ ಕೆರೆದು, ಹವಳ ಅಂಟಿಸಿದ್ದ ಹಳೆಯ ಪ್ಲಗ್ (ಪುಟ್ಟ ಪೀಠ) ಎಸೆದು, ವಾರಕ್ಕೊಮ್ಮೆ ಡಿಪ್ ಮಾಡುತ್ತ ಆರು ವಾರ ಪ್ರತ್ಯೇಕವಾಗಿಟ್ಟೆ.

ಇದೇ ಜಾಡಿಗಳಲ್ಲಿ ಆಸ್ಟರಿನಾ ನಕ್ಷತ್ರಮೀನುಗಳನ್ನೂ ಪರೀಕ್ಷಿಸಿದೆ. ಬೂದುಬಣ್ಣದವು ಎಂಟು ರಾತ್ರಿ, ಹೂವಿನಂತೆ ಗುಂಪಾಗಿ ಬೆಳೆಯುವ ಮೆತ್ತನೆಯ ಹವಳದಂಥ ಜೀವಿಗಳಾದ ಜೊಯಾಂಥಿಡ್‌ಗಳ ಪಕ್ಕದಲ್ಲೇ ಇದ್ದರೂ ಗಾಜಿನ ಪಾಚಿಯನ್ನಷ್ಟೇ ಒರೆಸಿದವು; ಬೇರೆ ಟ್ಯಾಂಕಿನಿಂದ ಬಂದ ಇನ್ನೊಂದು ಬಗೆ, ಸುಣ್ಣದಂತೆ ಗಟ್ಟಿಯಾದ ಕೋರಲೈನ್ ಪಾಚಿಯಲ್ಲಿ ಬಿಳಿ ಕಲೆಗಳನ್ನು ಮಾಡಿತು. ಹಾಗಾಗಿ ಆಸ್ಟರಿನಾ ಕಂಡೊಡನೆ ಎಲ್ಲವನ್ನೂ ಕಿತ್ತೆಸೆಯುವುದನ್ನು ನಾನು ಒಪ್ಪುವುದಿಲ್ಲ. ಕಲ್ಲಿನ ಬಿಲದಿಂದ ಏಡಿಯನ್ನು ಹೊರಬರಿಸಲು ನಾನು ಬಳಸುವ ಆಮಿಷವನ್ನು ಮಾತ್ರ ಸದ್ಯಕ್ಕೆ ಇಲ್ಲಿ ಹೇಳುವುದಿಲ್ಲ. ಇನ್ನಷ್ಟು ಬಾರಿ ಪರೀಕ್ಷಿಸಬೇಕಿದೆ.

ಮೊದಲಿನಿಂದಲೂ ವಿರೋಧಿಸಿದ್ದ ಗೆಳೆಯರೊಬ್ಬರು ಕಳೆದ ತಿಂಗಳು ಕಪ್ಪು ಬಿಳುಪು ಚೌಕುಳಿಯ ಬಸವನಹುಳುವೊಂದನ್ನು ತಂದು, ಇದು ಪಾಚಿ ತಿನ್ನುವುದು ಎಂದರು. ಎರಡನೆಯ ರಾತ್ರಿ ಅದು ಜೊಯಾಂಥಿಡ್‌ನ ಕಾಂಡಕ್ಕೆ ಸೊಂಡಿಲು ಚಾಚಿದ್ದನ್ನು ಕೆಂಪು ಬೆಳಕಿನಲ್ಲಿ ಇಬ್ಬರೂ ನೋಡಿದೆವು. ಬೆಳಗಾಗುವುದರೊಳಗೆ ಅವರು ತಮ್ಮ ಟ್ಯಾಂಕಿನಲ್ಲಿದ್ದ ಉಳಿದ ನಾಲ್ಕನ್ನೂ ಹುಡುಕಿ ತೆಗೆದಿದ್ದರು.